ಪಿ.ಟಿ. ಮೇಷ್ಟ್ರೂ ಬರವಣಿಗೆ ಕಲಿಸಿದ ಶಾಲೆ

ಫೇಲಾಗೋದು ಮಕ್ಕಳ ಹಕ್ಕು. 1990ರ ದಶಕದ ಕೊನೆಯಲ್ಲಿ ಬ್ರಾಕ್ಟನ್ ಹೈಸ್ಕೂಲಿನ ಕಾರಿಡಾರುಗಳಲ್ಲಿ ಓಡಾಡುತ್ತಿದ್ದ ಮಾತು ಇದು. ಯಾರೂ ಇದನ್ನು ಬೋರ್ಡು ಬರೆಸಿ ತೂಗುಹಾಕಿರಲಿಲ್ಲ. ಆದರೆ ಶಾಲೆ ನಡೆಯುತ್ತಿದ್ದದ್ದು ಇದರ ಪ್ರಕಾರವೇ. ನಮ್ಮ ಕೆಲಸ ಪಾಠ ಮಾಡೋದು, ಕಲಿಯೋದು ಬಿಡೋದು ಅವರವರಿಗೆ ಸೇರಿದ್ದು ಅನ್ನುವ ಧೋರಣೆ. ಮೂರು ಮಕ್ಕಳಲ್ಲಿ ಒಬ್ಬರು ಓದು ಮುಗಿಸದೆ ಶಾಲೆ ಬಿಡುತ್ತಿದ್ದರು.

ಬ್ರಾಕ್ಟನ್ ಇರೋದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ನಿನ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರ. ಒಂದು ಕಾಲಕ್ಕೆ ಶೂ ಕಾರ್ಖಾನೆಗಳಿಗೆ ಹೆಸರಾದ ಊರು. ಕಾರ್ಖಾನೆಗಳು ಮುಚ್ಚಿದವು, ಬಡತನ ಉಳಿಯಿತು. ಕೇಪ್ ವರ್ಡ್, ಹೈಟಿ ಕಡೆಯಿಂದ ವಲಸೆ ಬಂದ ಕುಟುಂಬಗಳು ಇಲ್ಲಿ ಜಾಸ್ತಿ. ಹಾಗಾಗಿ ಮನೆಯಲ್ಲಿ ಇಂಗ್ಲಿಷ್ ಆಡದ ಮಕ್ಕಳೂ ಬಹಳ. ಊರಿನ ಹೈಸ್ಕೂಲು ಆಗ ರಾಜ್ಯದಲ್ಲೇ ದೊಡ್ಡದು: 4,000ಕ್ಕೂ ಹೆಚ್ಚು ಮಕ್ಕಳು, ಸುಮಾರು 300 ಶಿಕ್ಷಕರು. ಕಟ್ಟಡವನ್ನು ನಾಲ್ಕು ಪಾಲು ಮಾಡಿ ಒಂದೊಂದಕ್ಕೂ ಬಣ್ಣದ ಹೆಸರಿಟ್ಟಿದ್ದಾರೆ. ಇಲ್ಲದಿದ್ದರೆ ಮಕ್ಕಳು ದಾರಿ ತಪ್ಪುವಷ್ಟು ದೊಡ್ಡದು ಅದು.

ಇಂಥ ಶಾಲೆ ಹತ್ತು ವರ್ಷದಲ್ಲಿ ಹೇಗೆ ಬದಲಾಯಿತು ಅನ್ನುವುದನ್ನು ಅಮೆರಿಕದಲ್ಲಿ ಬೇಕಾದಷ್ಟು ಸಲ ಹೇಳಿದ್ದಾರೆ. ಹೆಚ್ಚಿನವರು ಇದನ್ನು ಒಬ್ಬ ಗಟ್ಟಿಗಿತ್ತಿ ಪ್ರಿನ್ಸಿಪಾಲರ ಕಥೆಯಾಗಿ ಹೇಳುತ್ತಾರೆ. ನನಗೆ ಇದು ಅಷ್ಟು ಸರಳ ಅನ್ನಿಸಿಲ್ಲ. ಬದಲಾವಣೆ ಶುರುವಾದಾಗ ಆಕೆ ಪ್ರಿನ್ಸಿಪಾಲರೇ ಆಗಿರಲಿಲ್ಲ!

ಗೋಡೆಗೆ ಹಚ್ಚಿದ ಅಂಕಿ

ಮ್ಯಾಸಚೂಸೆಟ್ಸ್ 1993ರಲ್ಲಿ ಶಿಕ್ಷಣ ಸುಧಾರಣೆ ಕಾನೂನು ತಂದಿತು. ಶಾಲೆಗಳಿಗೆ ದುಡ್ಡು ಹೆಚ್ಚು ಕೊಡುತ್ತೇವೆ, ಬದಲಿಗೆ ಮಕ್ಕಳು ಏನು ಕಲಿತರು ಅಂತ ಲೆಕ್ಕ ಕೊಡಿ, ಇದು ಅದರ ಕರಾರು. ಆ ಲೆಕ್ಕಕ್ಕಾಗಿ ಬಂದದ್ದೇ ಎಂಕ್ಯಾಸ್ ಅನ್ನುವ ಪರೀಕ್ಷೆ. ಮೊದಲ ಸಲ ನಡೆದದ್ದು 1998ರಲ್ಲಿ. 2003ರಲ್ಲಿ ಹೈಸ್ಕೂಲು ಮುಗಿಸುವ ತಂಡದಿಂದ ಶುರುಮಾಡಿ, ಹತ್ತನೇ ತರಗತಿಯ ಎಂಕ್ಯಾಸ್‌ನಲ್ಲಿ ಇಂಗ್ಲಿಷ್ ಮತ್ತು ಗಣಿತ ಪಾಸಾಗದವರಿಗೆ ಹೈಸ್ಕೂಲ್ ಸರ್ಟಿಫಿಕೇಟ್ ಇಲ್ಲ ಅಂತ ನಿಯಮವಾಯಿತು.

ಬ್ರಾಕ್ಟನ್ನಿನ ಮೊದಲ ಫಲಿತಾಂಶ: ಇಂಗ್ಲಿಷಿನಲ್ಲಿ ಶೇ. 44 ಫೇಲು, ಗಣಿತದಲ್ಲಿ ಶೇ. 75 ಫೇಲು. ಹೊಸ ನಿಯಮ ಜಾರಿಯಾದರೆ ನೂರಾರು ಮಕ್ಕಳು ನಾಲ್ಕು ವರ್ಷ ಓದಿ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ ಅಂತಾಯಿತು.

ಮುಂದೆ ಪ್ರಿನ್ಸಿಪಾಲರಾದ ಸೂಸನ್ ಶಾಕೋವಿಟ್ಸ್ ಆಗ ಅದೇ ಶಾಲೆಯ ಹಿರಿಯ ಶಿಕ್ಷಕಿ, ಇತಿಹಾಸ ಅವರ ವಿಷಯ. ಅವರೂ ಇನ್ನೊಬ್ಬ ಹಿರಿಯ ಮೇಷ್ಟ್ರೂ ಸೇರಿ, ಕರೆದರೆ ಬರುವ ನಾಲ್ಕಾರು ಜನರನ್ನು ಕಟ್ಟಿಕೊಂಡು ಶನಿವಾರ ಶಾಲೆಗೆ ಬಂದು ಕೂರತೊಡಗಿದರು. ಯಾರೂ ಆದೇಶ ಕೊಟ್ಟಿರಲಿಲ್ಲ. 1999ರ ಫಲಿತಾಂಶವೂ ಹಾಗೇ ಬಂತು. ಸೂಸನ್ ಆ ಅಂಕಿಗಳನ್ನು ದೊಡ್ಡ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಮೀಟಿಂಗ್ ಕೋಣೆಯಲ್ಲಿ ಹಚ್ಚಿದರು. ಕೆಳಗೆ ಒಂದು ಪ್ರಶ್ನೆ: ಇಷ್ಟೇನಾ ನಮ್ಮ ಕೈಲಾಗೋದು?

ಆಗಿನ ಆಡಳಿತ ಏನು ಮಾಡಿತು? ಅಡ್ಡ ಬರಲಿಲ್ಲ. ಇದನ್ನು ಚಿಕ್ಕ ವಿಷಯ ಅಂತ ನಾನು ತಳ್ಳಿಹಾಕುವುದಿಲ್ಲ. ತನ್ನನ್ನು ಕೇಳದೆ ಶಿಕ್ಷಕರು ಗುಂಪು ಕಟ್ಟಿ ಶಾಲೆಯ ಹಣೆಬರಹ ಚರ್ಚೆ ಮಾಡುತ್ತಿದ್ದಾರೆ ಅಂದರೆ ಮೂಗು ತೂರಿಸುವ, ಇಲ್ಲವೇ ಅದನ್ನು ತನ್ನ ಕಮಿಟಿ ಮಾಡಿಕೊಳ್ಳುವ ಆಸೆ ಯಾವ ಮೇಲಿನವರಿಗೂ ಬರುತ್ತದೆ ಅಲ್ವಾ? ಇಲ್ಲಿ ಗುಂಪು ತನ್ನಷ್ಟಕ್ಕೆ ಬೆಳೆದು ಶಾಲೆಯ ಪುನರ್‌ರಚನಾ ಸಮಿತಿ ಅಂತ ಹೆಸರು ಪಡೆಯಿತು.

ಮೊದಲ ಪ್ರಯತ್ನ ಮಣ್ಣುಪಾಲು

ಸಮಿತಿ ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಹಳೇ ಪ್ರಶ್ನೆಪತ್ರಿಕೆ ಹರವಿಕೊಂಡು ಮುಂದಿನ ಸಲ ಏನು ಬರಬಹುದು ಅಂತ ಲೆಕ್ಕ ಹಾಕಿದರು. ಶೇಕ್ಸ್‌ಪಿಯರ್ ಬಂದಿದೆ, ಹಾಗಾದರೆ ಮತ್ತೆ ಬರುತ್ತಾನೆ. ಮಕ್ಕಳಿಗೆ ಶೇಕ್ಸ್‌ಪಿಯರನನ್ನು ಅರೆದು ಕುಡಿಸಿದರು. ಪರೀಕ್ಷೆಯಲ್ಲಿ ಶೇಕ್ಸ್‌ಪಿಯರ್ ಪತ್ತೆಯೇ ಇಲ್ಲ.

ಹೀಗೆ ಎಡವಿದ್ದು ಒಳ್ಳೆಯದೇ ಆಯಿತು ಅನ್ನಬೇಕು. ಪ್ರಶ್ನೆ ಊಹಿಸುವ ಆಟ ಬಿಟ್ಟು, ಯಾವ ಪ್ರಶ್ನೆ ಬಂದರೂ ಮಗುವಿಗೆ ಏನು ಗೊತ್ತಿರಬೇಕು ಅಂತ ಯೋಚಿಸಿದರು. ವಾರಗಟ್ಟಲೆ ಮಾತಾಡಿ ಕೊನೆಗೆ ನಾಲ್ಕಕ್ಕೆ ಬಂದು ನಿಂತರು: ಓದುವುದು, ಬರೆಯುವುದು, ಮಾತಾಡುವುದು, ತರ್ಕ ಮಾಡುವುದು. ನಾಲ್ಕಕ್ಕೂ ಒಂದೊಂದು ಚಾರ್ಟ್ ಮಾಡಿ ಎಲ್ಲ ಕ್ಲಾಸುಗಳಲ್ಲೂ ತೂಗುಹಾಕಿದರು.

ಇಲ್ಲಿಯವರೆಗೂ ಇದು ಯಾವ ಶಾಲೆಯಲ್ಲಾದರೂ ಕಾಣುವ ಸಂಗತಿ. ಚಾರ್ಟ್ ಹಾಕೋದಕ್ಕೆ ಏನು ಕಷ್ಟ? ಧೂಳು ಹಿಡಿಯೋಕೆ ಆರು ತಿಂಗಳು ಸಾಕು. ಬ್ರಾಕ್ಟನ್ ಬೇರೆಯಾಗಿದ್ದು ಮುಂದಿನ ಹೆಜ್ಜೆಯಲ್ಲಿ. ಈ ನಾಲ್ಕರಲ್ಲಿ ಮೊದಲು ಒಂದನ್ನೇ ಎತ್ತಿಕೊಂಡರು, ಬರವಣಿಗೆ. ಅದರಲ್ಲೂ ಒಂದೇ ತರಹದ್ದು: ಒಂದು ಪಠ್ಯ ಓದಿ, ಅದರ ಮೇಲಿನ ಪ್ರಶ್ನೆಗೆ ಸ್ವಂತ ವಾಕ್ಯದಲ್ಲಿ, ಆಧಾರ ಕೊಟ್ಟು ಉತ್ತರ ಬರೆಯುವುದು. ಎಂಕ್ಯಾಸ್‌ನಲ್ಲಿ ಇಂಥ ಉತ್ತರಕ್ಕೆ 0ಯಿಂದ 4ರವರೆಗೆ ಅಂಕ. ಬ್ರಾಕ್ಟನ್ನಿನ ಮಕ್ಕಳು ಎಡವುತ್ತಿದ್ದ ಜಾಗವೂ ಇದೇ.

ಇದಕ್ಕೆ ಹತ್ತು ಹೆಜ್ಜೆಯ ಒಂದು ಕ್ರಮ ಮಾಡಿದರು. ಹತ್ತನ್ನೂ ಇಲ್ಲಿ ಬರೆಯುವುದಿಲ್ಲ. ಮೊದಲ ಐದಾರು ಹೆಜ್ಜೆ ಹೇಗೆ ಕೆಲಸ ಮಾಡುತ್ತವೆ ಅಂತ ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ಪ್ರಶ್ನೆ ಹೀಗಿದೆ ಅಂದುಕೊಳ್ಳಿ: "ಈ ಕಥೆಯ ಹುಡುಗ ಮನೆ ಬಿಟ್ಟು ಹೋಗಲು ಎರಡು ಕಾರಣ ತಿಳಿಸಿ." ಮಗು ಮೊದಲು ಕಥೆ ಓದಬಾರದು, ಪ್ರಶ್ನೆ ಓದಬೇಕು. ಅದರಲ್ಲಿನ ಮುಖ್ಯ ಪದಗಳಿಗೆ ಗೆರೆ ಎಳೆಯಬೇಕು: ಮನೆ ಬಿಟ್ಟು, ಎರಡು ಕಾರಣ. ಆಮೇಲೆ ಅದೇ ಪದಗಳನ್ನಿಟ್ಟು ಉತ್ತರದ ಮೊದಲ ವಾಕ್ಯ ಬರೆಯಬೇಕು, ಆದರೆ ಜಾಗ ಖಾಲಿ ಬಿಟ್ಟು: "ಹುಡುಗ ಮನೆ ಬಿಡಲು ಎರಡು ಕಾರಣ, ಒಂದು ........, ಇನ್ನೊಂದು ........". ಈಗ ಕಥೆ ಓದಬೇಕು. ಓದುವಾಗ ಆ ಖಾಲಿ ಜಾಗ ತುಂಬುವುದಕ್ಕೆ ಬೇಕಾದ್ದನ್ನಷ್ಟೇ ಟಿಪ್ಪಣಿ ಮಾಡಿಕೊಳ್ಳಬೇಕು. ಸಿಕ್ಕ ಮೇಲೆ ಆ ವಾಕ್ಯ ಪೂರ್ತಿ ಮಾಡಬೇಕು, ಆಮೇಲೆ ಉತ್ತರ ಬರೆಯಬೇಕು. ಕೊನೆಯ ಹೆಜ್ಜೆ, ಬರೆದದ್ದನ್ನು ಇನ್ನೊಂದು ಸಲ ಓದಿ ತಿದ್ದುವುದು.

ಇಂಗ್ಲಿಷ್ ಸರಿಯಾಗಿ ಬಾರದ ಮಗುವಿಗೂ ಆ ಎರಡು ಖಾಲಿ ಜಾಗ ಒಂದು ಹಿಡಿ ಕೊಡುತ್ತವೆ. ಎಲ್ಲಿಂದ ಶುರುಮಾಡಲಿ ಅಂತ ಪೆನ್ನು ಕಚ್ಚುತ್ತಾ ಕೂರುವ ಮಗು ಕಥೆ ಓದುವ ಮೊದಲೇ ಒಂದು ವಾಕ್ಯ ಬರೆದುಬಿಟ್ಟಿರುತ್ತದೆ. ಇದು ಯಾಂತ್ರಿಕ ಅಂತ ಮೂಗು ಮುರಿಯುವವರು ಇದ್ದಾರೆ. ಹೌದು, ಯಾಂತ್ರಿಕವೇ. ಚೆನ್ನಾಗಿ ಬರೆಯುವ ಮಗುವಿಗೆ ಇದು ಕಾಲಿಗೆ ಹಗ್ಗ ಕಟ್ಟಿದ ಹಾಗೆ. ಆದರೆ ಅರ್ಧಕ್ಕರ್ಧ ಮಕ್ಕಳು ಫೇಲಾಗುವ ಶಾಲೆಯಲ್ಲಿ ಮೊದಲು ಚಿಂತೆ ಮಾಡಬೇಕಾದ್ದು ಅವರ ಬಗ್ಗೆ.

ಎಲ್ಲರೂ ಅಂದರೆ ಎಲ್ಲರೂ

ಈ ಹತ್ತು ಹೆಜ್ಜೆಯನ್ನು ಇಂಗ್ಲಿಷ್ ಮೇಷ್ಟ್ರು ಕಲಿಸಲಿ ಅಂತ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಈ ಕಥೆ ಮುಗಿದಿರುತ್ತಿತ್ತು. ಸಮಿತಿ ಹೇಳಿದ್ದು ಎಲ್ಲರೂ ಕಲಿಸಬೇಕು ಅಂತ: ಗಣಿತ, ವಿಜ್ಞಾನ, ಸಂಗೀತ, ಕೌನ್ಸೆಲರುಗಳು, ಪಿ.ಟಿ. ಮೇಷ್ಟ್ರುಗಳು. ಒಬ್ಬ ವಿಜ್ಞಾನ ಶಿಕ್ಷಕರು ಮಕ್ಕಳ ಕೈಲಿ ಸ್ಯಾಂಡ್‌ವಿಚ್ ಮಾಡುವ ಕ್ರಮ ಬರೆಸಿದರು. ಬೀರು ತೆರೆದು ಪೀನಟ್ ಬಟರ್ ತೆಗೆಯುವುದರಿಂದ ಹಿಡಿದು ಕೊನೆಗೆ ಚಾಕು ತೊಳೆದಿಡುವವರೆಗೆ, ಒಂದು ಹೆಜ್ಜೆಯೂ ಬಿಡುವಂತಿಲ್ಲ. ಪ್ರಯೋಗದ ವರದಿ ಬರೆಯಲು ಇದಕ್ಕಿಂತ ಒಳ್ಳೆ ಅಭ್ಯಾಸ ಯಾವುದು?

ಪಿ.ಟಿ. ವಿಭಾಗದಲ್ಲಿ ಗೊಣಗಾಟ ಎದ್ದಿತು. ಇದು ಜಿಮ್, ಇಲ್ಲಿ ಬರವಣಿಗೆ ಕಲಿಸೋದು ನಮ್ಮ ಕೆಲಸ ಅಲ್ಲ ಅಂದರು. ವಿಭಾಗದ ಮುಖ್ಯಸ್ಥರು ಕೊಟ್ಟ ಉತ್ತರದ ಸಾರಾಂಶ: ಬ್ರಾಕ್ಟನ್ ಹೈಸ್ಕೂಲಿನಲ್ಲಿ ಕೆಲಸ ಮಾಡಬೇಕಾದರೆ ಇದೂ ನಿಮ್ಮ ಕೆಲಸವೇ. ಈ ಮಾತು ಬಂದದ್ದು ಪ್ರಿನ್ಸಿಪಾಲರ ಕೋಣೆಯಿಂದಲ್ಲ, ನೆನಪಿಡಿ. ಅವರ ಜೊತೆಗೇ ದಿನಾ ಓಡಾಡುವ ಅವರದ್ದೇ ವಿಭಾಗದ ಮುಖ್ಯಸ್ಥರಿಂದ. ಇಡೀ ಪ್ರಕರಣದ ಕೀಲಿ ಇದರಲ್ಲಿದೆ ಅಂತ ನನಗನ್ನಿಸುತ್ತದೆ. 300 ಶಿಕ್ಷಕರನ್ನು ಯಾವ ಪ್ರಿನ್ಸಿಪಾಲರೂ ಒಬ್ಬರೇ ಒಪ್ಪಿಸಲಾರರು. ಒಂದು ಡಜನ್ ವಿಭಾಗ ಮುಖ್ಯಸ್ಥರು ನಿಜವಾಗಿ ಒಪ್ಪಿದರೆ ಉಳಿದವರ ಹತ್ತಿರ ಅವರೇ ಮಾತಾಡುತ್ತಾರೆ.

ಅದಕ್ಕೇ ತರಬೇತಿಯೂ ಆ ಕ್ರಮದಲ್ಲೇ ನಡೆಯಿತು. ಒಳ್ಳೆ ಉತ್ತರ ಅಂದರೆ ಹೇಗಿರಬೇಕು ಅನ್ನುವುದಕ್ಕೆ ಒಂದು ಅಳತೆಪಟ್ಟಿ ಮಾಡಿದರು. ಅದನ್ನು ಬಳಸೋದು ಮೊದಲು ವಿಭಾಗ ಮುಖ್ಯಸ್ಥರು ಕಲಿತರು. ಆಮೇಲೆ ಶಿಕ್ಷಕರು ಚಿಕ್ಕ ಚಿಕ್ಕ ಗುಂಪುಗಳಲ್ಲಿ. ಹೊರಗಿನ ಪರಿಣತರನ್ನು ಕರೆಸಿ ಸಭಾಂಗಣದಲ್ಲಿ ಭಾಷಣ ಕೇಳಿಸುವ ತರಬೇತಿ ಇದಲ್ಲ. ಪಕ್ಕದ ಕ್ಲಾಸಿನವರೇ ತೋರಿಸಿಕೊಡುತ್ತಿದ್ದರು.

ಯೂನಿಯನ್ ಒಪ್ಪಂದದ ಪ್ರಕಾರ ಶಾಲೆ ಮುಗಿದ ಮೇಲೆ ಶಿಕ್ಷಕರನ್ನು ಮೀಟಿಂಗಿಗೆ ಕೂರಿಸುವ ಸಮಯಕ್ಕೆ ಮಿತಿ ಇತ್ತು. ಅದನ್ನು ಮೀರಲಿಲ್ಲ, ಮೀರಲು ಹೋಗಲೂ ಇಲ್ಲ. ಇದ್ದ ಸ್ಟಾಫ್ ಮೀಟಿಂಗುಗಳನ್ನೇ ತರಬೇತಿಗೆ ಬಳಸಿಕೊಂಡರು. ಸುಮ್ನೆ ಸುತ್ತೋಲೆ ಓದಿ ಹೇಳುವ ಮೀಟಿಂಗಿನಲ್ಲಿ ಕೂತು ಆಕಳಿಸಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಒಪ್ಪಂದ ಮುರಿಯದೇ ಇದ್ದದ್ದು ಜಾಣತನ. ಮುರಿದಿದ್ದರೆ ಜಗಳ ಸಮಯದ ಬಗ್ಗೆ ಆಗುತ್ತಿತ್ತು, ಬರವಣಿಗೆ ಮೂಲೆ ಸೇರುತ್ತಿತ್ತು.

ಇನ್ನು ಕ್ಯಾಲೆಂಡರ್. ಯಾವ ವಿಭಾಗ ಯಾವ ವಾರದಲ್ಲಿ ಈ ಹತ್ತು ಹೆಜ್ಜೆಯ ಪಾಠ ಮಾಡಬೇಕು ಅಂತ ವರ್ಷದ ಮೊದಲೇ ಗೊತ್ತುಮಾಡಿದರು. ಒಂದು ವಾರ ಸಮಾಜ ವಿಜ್ಞಾನದಲ್ಲಿ, ಕೆಲವು ವಾರ ಬಿಟ್ಟು ವಿಜ್ಞಾನದಲ್ಲಿ, ಆಮೇಲೆ ಗಣಿತದಲ್ಲಿ. ಮಗು ಕ್ಲಾಸು ಬದಲಿಸಿದರೂ ಅದೇ ಹತ್ತು ಹೆಜ್ಜೆ ಎದುರಾಗುತ್ತಿದ್ದವು. ಒಬ್ಬ ಮೇಷ್ಟ್ರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಅನ್ನುವ ಗೊಂದಲ ಇರಲಿಲ್ಲ.

ಕ್ಯಾಲೆಂಡರ್ ಹಾಕಿ ಕೈ ತೊಳೆದುಕೊಳ್ಳಲೂ ಇಲ್ಲ. ಮಕ್ಕಳು ಬರೆದ ಹಾಳೆಗಳು ವಿಭಾಗ ಮುಖ್ಯಸ್ಥರ ಮೇಜಿಗೆ ಬರುತ್ತಿದ್ದವು. ಅವರು ಅಳತೆಪಟ್ಟಿ ಹಿಡಿದು ಓದುತ್ತಿದ್ದರು. ಶಿಕ್ಷಕರು ಕೊಟ್ಟ ಅಂಕ ಸರಿ ಇದೆಯಾ, ತಿದ್ದಿದ್ದಾರಾ, ಯಾವ ಹೆಜ್ಜೆಯಲ್ಲಿ ಮಕ್ಕಳು ಜಾರುತ್ತಿದ್ದಾರೆ ಅಂತ ನೋಡಿ ಶಿಕ್ಷಕರ ಹತ್ತಿರ ಮಾತಾಡುತ್ತಿದ್ದರು. ಸಾವಿರಾರು ಹಾಳೆ! ಇಂಥ ಕೆಲಸಕ್ಕೆ ಪೇಪರಿನಲ್ಲಿ ಫೋಟೋ ಬರುವುದಿಲ್ಲ. ಆದರೆ ಶಿಕ್ಷಕರಿಗೆ ಒಂದು ವಿಷಯ ಖಾತ್ರಿಯಾಯಿತು. ಇದು ಈ ವರ್ಷ ಬಂದು ಮುಂದಿನ ವರ್ಷ ಹೋಗುವ ಯೋಜನೆಯಲ್ಲ, ಹಾಳೆಯನ್ನು ಯಾರೋ ನಿಜವಾಗಿ ಓದುತ್ತಾರೆ.

ಫಲಿತಾಂಶ, ಮತ್ತು ಒಂದು ಎಚ್ಚರಿಕೆ

2001ರಲ್ಲಿ, ಹಿಂದೆ ಫೇಲಾಗಿದ್ದವರನ್ನು ಪಾಸು ಮಾಡಿಸಿದ್ದರಲ್ಲಿ ಬ್ರಾಕ್ಟನ್ ಇಡೀ ರಾಜ್ಯಕ್ಕೇ ಮುಂದು. ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ವರ್ಷ ರಾಜ್ಯದಲ್ಲೆಲ್ಲ ಫಲಿತಾಂಶ ಏರಿತ್ತು. 2003ರ ತಂಡ ಹತ್ತನೇ ತರಗತಿ ಪರೀಕ್ಷೆ ಬರೆದ ವರ್ಷ ಅದು. ಪಾಸಾಗದಿದ್ದರೆ ಸರ್ಟಿಫಿಕೇಟ್ ಇಲ್ಲ ಅಂದ ಮೇಲೆ ಮಕ್ಕಳೂ ಮನಸ್ಸಿಟ್ಟು ಬರೆದಿದ್ದರು. ಹಾಗಾಗಿ ಏರಿದ್ದೆಲ್ಲ ಹತ್ತು ಹೆಜ್ಜೆಯ ಪುಣ್ಯ ಅಂದರೆ ಉತ್ಪ್ರೇಕ್ಷೆಯಾಗುತ್ತದೆ.

ನನಗೆ ಹೆಚ್ಚು ನಂಬಿಕೆ ಬರುವುದು ನಂತರದ ವರ್ಷಗಳ ಅಂಕಿಯ ಮೇಲೆ. ಸರ್ಟಿಫಿಕೇಟಿನ ಭಯ ಎಲ್ಲ ಶಾಲೆಗೂ ಒಂದೇ ಆದ ಮೇಲೂ ಬ್ರಾಕ್ಟನ್ ಮೇಲೇರುತ್ತಲೇ ಇತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ರೊನಾಲ್ಡ್ ಫರ್ಗುಸನ್ ಅಮೆರಿಕದ 15 ಸರ್ಕಾರಿ ಹೈಸ್ಕೂಲುಗಳ ಬಗ್ಗೆ 2010ರಲ್ಲಿ ತಂದ ವರದಿಯಲ್ಲಿ ಬ್ರಾಕ್ಟನ್ ಕೂಡ ಇದೆ. ಎಂಟನೇ ತರಗತಿಯಿಂದ ಹತ್ತನೇ ತರಗತಿಗೆ ಮಗು ಇಂಗ್ಲಿಷಿನಲ್ಲಿ ಎಷ್ಟು ಮುಂದೆ ಹೋಯಿತು ಅನ್ನುವ ಲೆಕ್ಕದಲ್ಲಿ ಅದು ರಾಜ್ಯದ ಶೇ. 90 ಹೈಸ್ಕೂಲುಗಳಿಗಿಂತ ಮೇಲಿತ್ತು. ಈ ಅಳತೆ ನನಗೆ ಇಷ್ಟ. ಬಂದಾಗ ಮಗು ಎಲ್ಲಿತ್ತು ಅನ್ನುವುದನ್ನೂ ಇದು ಗಮನಿಸುತ್ತದೆ.

ಈ ಫಲಿತಾಂಶ ಇನ್ನೊಂದು ನಂಬಿಕೆಯನ್ನೂ ಅಲುಗಾಡಿಸಿತು. ಆಗ ಅಮೆರಿಕದಲ್ಲಿ ದೊಡ್ಡ ಹೈಸ್ಕೂಲುಗಳನ್ನು ಒಡೆದು ಚಿಕ್ಕವು ಮಾಡುವುದೇ ಸುಧಾರಣೆ ಅನ್ನುವ ಗಾಳಿ ಬೀಸಿತ್ತು. ಗೇಟ್ಸ್ ಫೌಂಡೇಶನ್ ಅದಕ್ಕೆ ನೂರು ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿ, ನಿರೀಕ್ಷಿಸಿದಷ್ಟು ಫಲ ಸಿಗಲಿಲ್ಲ ಅಂತ ತಾನೇ ಒಪ್ಪಿಕೊಂಡಿತು. ರಾಜ್ಯದ ಅತಿ ದೊಡ್ಡ ಶಾಲೆ ಅಷ್ಟು ಹೊತ್ತಿಗೆ ಒಡೆಯದೆಯೇ ಮೇಲೆದ್ದಿತ್ತು.

ಕುರ್ಚಿ ಸಿಕ್ಕ ಮೇಲೆ

ಸೂಸನ್ 2004ರಲ್ಲಿ ಪ್ರಿನ್ಸಿಪಾಲರಾದರು. 2013ರಲ್ಲಿ ನಿವೃತ್ತರಾಗುವವರೆಗೆ ಅದೇ ಕುರ್ಚಿಯಲ್ಲಿದ್ದರು. ಹೊಸದಾಗಿ ಬಂದವರು ಹಳೆಯದನ್ನು ಕಿತ್ತುಹಾಕಿ ತಮ್ಮ ಹೆಸರಿನ ಯೋಜನೆ ತರೋದು ವಾಡಿಕೆ. ಇವರಿಗೆ ಆ ಚಪಲ ಇರಲಿಲ್ಲ, ಯಾಕೆಂದರೆ ಹಳೆಯದು ಇವರದ್ದೇ. ಆದರೂ ಹೊಸ ಹೊಸ ಯೋಜನೆಗಳು, ಪ್ಯಾಕೇಜುಗಳು ಬಾಗಿಲು ತಟ್ಟುತ್ತಲೇ ಇರುತ್ತವಲ್ಲ. ಅವಕ್ಕೆಲ್ಲ ಮರುಳಾಗದೆ ಓದು, ಬರಹ, ಮಾತು, ತರ್ಕ ಅನ್ನುವ ನಾಲ್ಕೇ ಮಾತನ್ನು ವರ್ಷಾನುವರ್ಷ ಹಿಡಿದದ್ದು ಸುಲಭವಲ್ಲ. ಹೊಸ ಶಿಕ್ಷಕರು ಬಂದಾಗಲೆಲ್ಲ ಅದನ್ನೇ ಮೊದಲಿನಿಂದ ಕಲಿಸಬೇಕು, ಹಳಬರಿಗೆ ಬೇಜಾರಾದರೂ ಬಿಡಬಾರದು.

ಶಾಲೆಯೊಳಗಿನ ಕಾರಣಗಳಲ್ಲಿ ಮಕ್ಕಳ ಕಲಿಕೆಗೆ ತರಗತಿಯ ಬೋಧನೆ ಮೊದಲು, ನಾಯಕತ್ವ ಎರಡನೆಯದು ಅಂತ ಕೆನಡಾದ ಕೆನೆತ್ ಲೀತ್‌ವುಡ್ ಮತ್ತು ಸಂಗಡಿಗರು 2004ರಲ್ಲಿ ಹೇಳಿದ್ದರು. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ತಂಡ 2008ರಲ್ಲಿ ಇನ್ನಷ್ಟು ಬಿಡಿಸಿ ನೋಡಿತು. ಮುಖ್ಯಸ್ಥರು ಮಾಡುವ ಕೆಲಸಗಳಲ್ಲಿ ಮಕ್ಕಳ ಮೇಲೆ ಅತಿ ಹೆಚ್ಚು ಪರಿಣಾಮ ಬೀರುವುದು, ಶಿಕ್ಷಕರ ಕಲಿಕೆಯನ್ನು ಮುಂದೆ ನಿಂತು ನಡೆಸುವುದು, ತಾವೂ ಅದರಲ್ಲಿ ಕೂತು ಕಲಿಯುವುದು. ಬ್ರಾಕ್ಟನ್ನಿನಲ್ಲಿ ಅಳತೆಪಟ್ಟಿಯನ್ನು ಮೊದಲು ಮುಖ್ಯಸ್ಥರೇ ಕಲಿತದ್ದು ನೆನಪಾಗುತ್ತದೆ ಅಲ್ವಾ. ಅಂಕ ಹಾಕೋದು ಹೇಗೆ ಅಂತ ತಮಗೇ ಗೊತ್ತಿಲ್ಲದವರು ಹಾಳೆ ತರಿಸಿಕೊಂಡು ಏನು ನೋಡಿಯಾರು?

ಆದರೆ ಈ ಪ್ರಕರಣವನ್ನು 2013ಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಹತ್ತು ವರ್ಷದ ನಂತರ ಬ್ರಾಕ್ಟನ್ ಮತ್ತೆ ಸುದ್ದಿಗೆ ಬಂತು, ಬೇರೆ ಕಾರಣಕ್ಕೆ. ಊರಿನ ಶಾಲೆಗಳ ಬಜೆಟ್ಟಿನಲ್ಲಿ ಕೋಟ್ಯಂತರ ಡಾಲರ್ ಕೊರತೆ ಬಯಲಾಯಿತು. ಹೈಸ್ಕೂಲಿನಲ್ಲಿ ಹೊಡೆದಾಟ, ಶಿಕ್ಷಕರ ಗೈರುಹಾಜರಿ. 2024ರ ಫೆಬ್ರವರಿಯಲ್ಲಿ, ಊರಿನ ಶಾಲೆಗಳನ್ನು ನೋಡಿಕೊಳ್ಳುವ ಚುನಾಯಿತ ಶಾಲಾ ಸಮಿತಿಯ ನಾಲ್ಕು ಸದಸ್ಯರು ಶಾಲೆಗೆ ನ್ಯಾಷನಲ್ ಗಾರ್ಡ್ ಕಳಿಸಿ ಅಂತ ಕೇಳಿದರು. ಸೇನೆಯ ಮೀಸಲು ಪಡೆಯನ್ನು, ಹೈಸ್ಕೂಲಿಗೆ! ಗವರ್ನರ್ ಕಳಿಸಲಿಲ್ಲ.

ಸೂಸನ್ ಹೋದದ್ದಕ್ಕೇ ಹೀಗಾಯಿತು ಅಂತ ಹೇಳಿದರೆ ಅದು ಸುಲಭದ ಮಾತು, ಸರಿಯಾದ ಮಾತಲ್ಲ. ನಡುವೆ ಕೋವಿಡ್ ಬಂದು ಹೋಗಿತ್ತು. ದುಡ್ಡಿನ ಕೊರತೆಯಲ್ಲಿ ಶಿಕ್ಷಕರ ಹುದ್ದೆಗಳು ಹೋಗಿದ್ದವು. ಮಕ್ಕಳ ಹಾಳೆ ಓದಿ ಶಿಕ್ಷಕರ ಜೊತೆ ಕೂತು ಮಾತಾಡೋದಕ್ಕೆ ಮೊದಲು ಕ್ಲಾಸಿನಲ್ಲಿ ಶಿಕ್ಷಕರು ಇರಬೇಕು. ಪ್ರಿನ್ಸಿಪಾಲರು ಎಷ್ಟೇ ಗಟ್ಟಿಯಿದ್ದರೂ ಅವರ ಕೈಗೆ ಬಜೆಟ್ಟಿನ ಬೀಗದ ಕೈ ಸಿಗುವುದಿಲ್ಲ.

2024ರ ನವೆಂಬರ್‌ನಲ್ಲಿ ಇನ್ನೊಂದು ಬದಲಾವಣೆಯಾಯಿತು. ಎಂಕ್ಯಾಸ್ ಪಾಸಾದರೆ ಮಾತ್ರ ಸರ್ಟಿಫಿಕೇಟ್ ಅನ್ನುವ ನಿಯಮವನ್ನು ಮ್ಯಾಸಚೂಸೆಟ್ಸ್ ಮತದಾರರು ಮತ ಹಾಕಿ ತೆಗೆದುಹಾಕಿದರು. ಪರೀಕ್ಷೆ ಉಳಿದಿದೆ, ಅದರ ಹಲ್ಲು ಹೋಗಿದೆ. ಜಿಮ್‌ನಲ್ಲಿ ಬರವಣಿಗೆ ಯಾಕೆ ಅಂತ ಗೊಣಗಿದವರಿಗೆ ಆಗ ತೋರಿಸಲು ಗೋಡೆ ಮೇಲೆ ಆ ಅಂಕಿಗಳಿದ್ದವು. ಈಗ ಅದೇ ಪ್ರಶ್ನೆ ಎದ್ದರೆ ಪ್ರಿನ್ಸಿಪಾಲರು ಬೇರೆ ಉತ್ತರ ಹುಡುಕಬೇಕು.